ಜಗ, ಮೊಗ, ಯುಗ

ಪ್ರಾಸಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಆ ಹೆಸರಿನಿಂದ ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಮೂವತ್ತೊಂದು ವರ್ಷದಿಂದ ಒಂದೇ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ. ಮದುವೆ ಕಾರ್ಡು, ಹೊಸ ಅಂಗಡಿಯ ಕರಪತ್ರ, ನಿವೃತ್ತಿಯ ಕಾರ್ಡು, ಸತ್ತವರ ನೆನಪಿನ ಕಾರ್ಡು, ಏನೇ ಬಂದರೂ ಅವನ ಮೇಜು ದಾಟಿಯೇ ಅಚ್ಚಿಗೆ ಹೋಗಬೇಕು. ಕಾಗುಣಿತ ತಪ್ಪು ಕಂಡರೆ ಅನ್ನದಲ್ಲಿ ಕಲ್ಲು ಸಿಕ್ಕಿದವನ ಹಾಗೆ ಮುಖ ಮಾಡುತ್ತಿದ್ದ. ಜನ ಆ ಪ್ರೆಸ್ಸಿಗೆ ಬರುತ್ತಿದ್ದದ್ದು ಮಾತ್ರ ಕಾಗುಣಿತಕ್ಕಲ್ಲ. ಅಲ್ಲಿ ಯಾವ ಕಾರ್ಡು ಮಾಡಿಸಿದರೂ ನಾಲ್ಕು ಸಾಲು ಪದ್ಯ ಪುಕ್ಕಟೆ ಸಿಗುತ್ತಿತ್ತು.

ಪ್ರಾಸ ಹುಡುಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಅದನ್ನು ಒಪ್ಪಲೇಬೇಕು. ಆರ್ಕೆಸ್ಟ್ರಾದ ಹಾಡುಗಾರ ಅರ್ಧ ಹಾಡು ಬರೆದು ಫೋನ್ ಮಾಡುತ್ತಿದ್ದ. “ಅಣ್ಣಾ, ‘ಮಳೆ’ ಅಂತ ಬರೆದು ಕೂತಿದೀನಿ, ಮುಂದಕ್ಕೇ ಹೋಗ್ತಿಲ್ಲ.” ಇವನು ಕರಡಿನಿಂದ ಕಣ್ಣೆತ್ತದೆ, “ಇಳೆ, ಎಳೆ, ಕಳೆ, ಬೆಳೆ, ಸೆಳೆ, ಹೊಳೆ. ಸಾಕಾ?” ಎನ್ನುತ್ತಿದ್ದ. ಹಿಂದೆ ಅಚ್ಚಿನ ಮೊಳೆಗಳನ್ನು ಇಡುತ್ತಿದ್ದ ಮರದ ಪೆಟ್ಟಿಗೆಯನ್ನು, ಕಂಪ್ಯೂಟರ್ ಬಂದು ಅದು ಮೂಲೆ ಸೇರಿದ ಮೇಲೆ, ತನ್ನ ಮೇಜಿನ ಪಕ್ಕಕ್ಕೆ ಎಳೆದುಕೊಂಡಿದ್ದ. ಅದರ ಒಂದೊಂದು ಗೂಡಿನಲ್ಲೂ ಒಂದೇ ಬಗೆಯಲ್ಲಿ ಮುಗಿಯುವ ಪದಗಳ ಚೀಟಿ.

ಅವನ ಪದ್ಧತಿ ಒಂದೇ. ಮೊದಲು ನಾಲ್ಕು ಸಾಲಿನ ಕೊನೆಯ ಪದಗಳನ್ನು ಆರಿಸಿ ಮೇಜಿನ ಮೇಲೆ ಒಂದರ ಕೆಳಗೊಂದು ಇಡುವುದು, ಆಮೇಲೆ ಎಡಗಡೆ ತುಂಬುವುದು. “ಬಾಲ ಕೈಗೆ ಸಿಕ್ಕಿದ್ರೆ ಹಸು ತಾನಾಗೇ ಬರುತ್ತೆ” ಎಂದು ಜಂಬ ಕೊಚ್ಚುತ್ತಿದ್ದ. ಹಸುವಿನ ಬಾಲ ಹಿಡಿದು ಎಳೆದವರಿಗೆ ಏನು ಸಿಗುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ, ಪಾಪ. ಹೆಂಡತಿ ಒಮ್ಮೆ ಹೇಳಲು ನೋಡಿದಳು.

“ಅಲ್ಲಾ ರೀ, ಪಕ್ಕದ ಮನೆಯವನು ಬದುಕಿದ್ದಾಗ ಯಾರಿಗೂ ಒಂದು ಹನಿ ನೀರು ಕೊಟ್ಟವನಲ್ಲ. ನೀವು ಅವನ ಕಾರ್ಡಲ್ಲಿ ಕರುಣೆಯ ಹೊಳೆ ಹರಿಸಿಬಿಟ್ಟಿದ್ದೀರಲ್ಲ.”

“ಮೇಲಿನ ಸಾಲಿನಲ್ಲಿ ‘ಮಳೆ’ ಇತ್ತು ಕಣೇ, ಇನ್ನೇನು ಮಾಡ್ಲಿ?”

ಇಷ್ಟು ಸುಖವಾಗಿದ್ದವನಿಗೆ ಒಂದೇ ಒಂದು ಕೊರಗು, ಅದು ಅಕ್ಕನದು. ಅವನಿಗಿಂತ ಏಳು ವರ್ಷ ದೊಡ್ಡವಳು, ಅವನನ್ನು ಎತ್ತಿ ಆಡಿಸಿದವಳು, ನಾಲ್ಕೇ ಬಸ್‌ಸ್ಟಾಪ್ ಆಚೆ ಇರುವವಳು. ಅಮ್ಮ ತೀರಿಕೊಂಡ ಮೇಲೆ ಒಂಬತ್ತು ವರ್ಷದಿಂದ ಅವನ ಮನೆಯ ಹೊಸಿಲು ತುಳಿದಿರಲಿಲ್ಲ. ಇವನೇ ಹೋದರೆ ಬಾಗಿಲನ್ನು ಅರ್ಧ ತೆರೆದು, “ಎಲ್ಲ ಚೆನ್ನಾಗಿದ್ದೀವಿ” ಎಂದು ಹೇಳಿ ಮುಚ್ಚುವಳು. ಅಮ್ಮನ ಬೀರು ತನ್ನ ಮನೆಯಲ್ಲಿ ಉಳಿದದ್ದೇ ಸಿಟ್ಟಿಗೆ ಕಾರಣವೆಂದು ಅವನು ತೀರ್ಮಾನಿಸಿದ್ದ. ಇಬ್ಬರು ಕೂಲಿಯವರಿಂದ ಅದನ್ನು ಅವಳ ಮೂರನೇ ಮಹಡಿಗೆ ಹೊರಿಸಿ ಕಳಿಸಿದರೆ ಸಂಜೆಗೆ ಅದೇ ಕೂಲಿಯವರ ಬೆನ್ನ ಮೇಲೆ ಬೀರು ವಾಪಸ್ ಬಂತು. “ಅವಳಿಗೆ ಏನು ಬೇಕೋ ಆ ದೇವರಿಗೇ ಗೊತ್ತು” ಎಂದು ಅವನು ಕೈಚೆಲ್ಲಿದ್ದ.

ಅಂಥ ಅಕ್ಕನ ಮಗಳು ಒಂದು ಸೋಮವಾರ ಪ್ರೆಸ್ಸಿಗೆ ಬಂದಳು.

“ಮಾಮ, ಅಮ್ಮ ಈ ತಿಂಗಳ ಕೊನೆಗೆ ರಿಟೈರ್ ಆಗ್ತಿದ್ದಾಳೆ. ಅವಳ ಜೊತೆ ಕೆಲಸ ಮಾಡೋರು ಸೇರಿ ಒಂದು ಸಣ್ಣ ಸಮಾರಂಭ ಇಟ್ಕೊಂಡಿದ್ದಾರೆ. ಕಾರ್ಡು ಬೇಕಿತ್ತು. ಇಲ್ಲಿಗೆ ಬಂದಿದ್ದು ಅವಳಿಗೆ ಗೊತ್ತಿಲ್ಲ.”

ಅಕ್ಕ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು, ಬೆಳಗಿನ ಜಾವದಿಂದ ಮಧ್ಯಾಹ್ನದವರೆಗಿನ ಪಾಳಿ. ಪ್ರಾಸಣ್ಣನ ಕೈ ಆಗಲೇ ಪೆಟ್ಟಿಗೆಗೆ ಹೋಗಿತ್ತು. “ಅಂಚೆ, ಮುಂಚೆ... ಬೇಡ, ಓಲೆ ಅಂತ ತಗೊಳ್ಳೋಣ. ಓಲೆ, ಮಾಲೆ, ಶಾಲೆ...”

“ಪದ್ಯ ಬೇಡವಂತೆ ಮಾಮ. ಎಲ್ಲಿ ಮಾಡಿಸಿದ್ರೂ ಸರಿ, ಪದ್ಯ ಮಾತ್ರ ಹಾಕಿಸ್ಬೇಡ ಅಂತ ಖಡಾಖಂಡಿತ ಹೇಳಿದ್ದಾಳೆ.”

“ಯಾಕಂತೆ?”

ಹುಡುಗಿ ಅವನ ಮುಖವನ್ನೇ ನೋಡಿದಳು. ಇವನು ನಾಟಕ ಆಡುತ್ತಿದ್ದಾನೋ, ನಿಜಕ್ಕೂ ತಿಳಿಯದೋ ಎಂದು ಅಳೆಯುವ ಹಾಗೆ. “ಅಜ್ಜಿಯ ಕಾರ್ಡು ಇದೆಯಲ್ಲ ನಿಮ್ಮ ಹತ್ರ, ಒಂದ್ಸಲ ಓದಿ” ಎಂದಳು.

ಇಲ್ಲದೆ ಏನು? ಗಿರಾಕಿಗಳಿಗೆ ತೋರಿಸುವ ಮಾದರಿ ಪುಸ್ತಕದಲ್ಲಿ ನೆನಪಿನ ಕಾರ್ಡುಗಳ ಪೈಕಿ ಮೊದಲನೆಯದೇ ಅದು. ಅವನ ಮಟ್ಟಿಗೆ ಅವನ ಕೈಯಿಂದ ಬಂದ ಅತ್ಯುತ್ತಮ ಪದ್ಯ. ದುಃಖದಲ್ಲಿ ಬಂದವರೆದುರು ಪುಸ್ತಕ ತೆರೆದು, “ಇದು ನಮ್ಮ ತಾಯಿಗೆ ಬರೆದದ್ದು” ಎಂದು ಹೆಮ್ಮೆಯಿಂದ ತಳ್ಳುತ್ತಿದ್ದ. ಈಗಲೂ ಹಾಗೆಯೇ ತೆರೆದು, ಗಂಟಲು ಸರಿಮಾಡಿಕೊಂಡು ಓದಿದ.

ನೀ ಹೋದ ಮೇಲೆ ಬರಿದಾಯ್ತು ಜಗ
ಕಣ್ಮುಂದೆ ನಿಂತಿದೆ ನಗುವ ಮೊಗ
ಒಂದೊಂದು ದಿನವೂ ಒಂದೊಂದು ಯುಗ
ಕೊನೆಯುಸಿರ ತನಕ ಕೈ ಹಿಡಿದ ಮಗ

“ಚೆನ್ನಾಗೇ ಇದೆಯಲ್ಲಮ್ಮ” ಎಂದ.

“ಅಜ್ಜಿ ಕೈ ಹಿಡ್ಕೊಂಡಿದ್ದು ಯಾರು ಮಾಮ?”

ಪ್ರಾಸಣ್ಣ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡ. ಮತ್ತೆ ಓದಿದ. ಈ ನಾಲ್ಕು ಸಾಲಿನ ಕರಡನ್ನು ಅವನು ಮೂರು ಸಲ ತಿದ್ದಿದ್ದ. ‘ಕಣ್ಮುಂದೆ’ಯ ಒತ್ತಕ್ಷರ ಸರಿಯಿದೆಯೇ ಎಂದು ನಿಘಂಟು ತೆಗೆದು ನೋಡಿದ್ದ. ಅದರಲ್ಲಿ ಒಂದು ಇಡೀ ಸಾಲು ಸುಳ್ಳು ಎಂಬುದು ಅವನ ಕಣ್ಣಿಗೆ ಬಿದ್ದಿರಲೇ ಇಲ್ಲ. ಅಮ್ಮ ಸತ್ತದ್ದು ಅಕ್ಕನ ಮನೆಯಲ್ಲಿ. ಹದಿನಾಲ್ಕು ತಿಂಗಳು ಮಲಮೂತ್ರ ಬಳಿದವಳು ಅಕ್ಕ. ಆ ಗಳಿಗೆಯಲ್ಲಿ ಕೈ ಹಿಡಿದಿದ್ದವಳು ಅಕ್ಕ. ಇವನು ಹೋಗುವ ಹೊತ್ತಿಗೆ ಅಮ್ಮನ ಕೈ ತಣ್ಣಗಾಗಿತ್ತು.

ಮಾದರಿ ಪುಸ್ತಕದ ಹಾಳೆ ತಿರುವಿದ. ಜಗ, ಮೊಗ, ಯುಗ. ಇನ್ನೊಂದು ಹಾಳೆ. ಜಗ, ಮೊಗ, ಯುಗ. ಒಳ್ಳೆಯ ಜೋಡಣೆಯೆಂದು ಎಷ್ಟು ಮನೆಗೆ ಅದನ್ನೇ ಕೊಟ್ಟಿದ್ದನೋ. ಎಲ್ಲ ಕಡೆಯೂ ನಾಲ್ಕನೆಯ ಸಾಲಿನಲ್ಲಿ ಒಬ್ಬ ಮಗ ಕೈ ಹಿಡಿದೋ ಕಾಲು ಒತ್ತಿಯೋ ನಿಂತಿದ್ದ. ಆ ಮನೆಗಳಲ್ಲಿ ಹೆಣ್ಣುಮಕ್ಕಳಿದ್ದರೇ, ಸೊಸೆಯಂದಿರಿದ್ದರೇ, ನಿಜಕ್ಕೂ ಕಾಲು ಒತ್ತಿದವರು ಯಾರು ಎಂದು ಒಬ್ಬರನ್ನೂ ಕೇಳಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಆ ಗಾದೆಯ ಪ್ರಾಸವನ್ನು ಅವನು ಎಷ್ಟೋ ಸಲ ಹೊಗಳಿದ್ದ. ಅದರ ಅರ್ಥ ತಲೆಗೆ ಹೋದದ್ದು ಆ ಸೋಮವಾರವೇ.

ಕೆಲಸ ಅರ್ಧಕ್ಕೆ ಬಿಟ್ಟು ಬಸ್ಸು ಹತ್ತಿದ. ಮೂರು ಮಹಡಿ ಹತ್ತಿ ಬಾಗಿಲು ತಟ್ಟಿದಾಗ ಅಕ್ಕ ಎಂದಿನಂತೆ ಅರ್ಧ ತೆರೆದಳು.

“ಅಕ್ಕಾ, ಕಾರ್ಡು ಓದಿದೆ” ಎಂದ.

“ನಾಲ್ಕು ಸಾಲು ಓದೋಕೆ ಒಂಬತ್ತು ವರ್ಷ ಬೇಕಾಯ್ತಾ?” ಎಂದಳು ಅಕ್ಕ. ಆದರೆ ಬಾಗಿಲು ಪೂರ್ತಿ ತೆರೆದಳು.

ಒಳಗೆ ಎರಡೇ ಕೋಣೆ. ಅಮ್ಮ ಮಲಗಿದ್ದ ಮಂಚದ ಮೇಲೆ ಈಗ ಒಗೆದ ಬಟ್ಟೆಯ ರಾಶಿ. ಅಕ್ಕ ಅದನ್ನು ಮಡಿಸುವುದನ್ನು ನಿಲ್ಲಿಸಲಿಲ್ಲ.

“ಬೇಕು ಅಂತ ಬರೆದಿದ್ದಲ್ಲ ಅಕ್ಕ. ಜಗ, ಮೊಗ, ಯುಗ ಆಗಿತ್ತು. ನಾಲ್ಕನೇದಕ್ಕೆ...”

“ಗೊತ್ತು ಕಣೋ. ಬೇಕು ಅಂತ ಬರೆದಿದ್ರೆ ಬೈದು ಸುಮ್ಮನಾಗ್ತಿದ್ದೆ. ನಿನಗೆ ನಾನು ನೆನಪೇ ಆಗ್ಲಿಲ್ಲ ನೋಡು, ಅದು.” ಅವಳು ಒಂದು ಟವೆಲ್ ಜಾಡಿಸಿದಳು. “ಆ ಕಾರ್ಡು ಹಂಚಿದ ಮೇಲೆ ಕೆಳಗಿನ ಮನೆಯವಳು ಬಂದು ಕೇಳಿದ್ಲು, ‘ನಿಮ್ಮಮ್ಮ ಮಗನ ಕೈಯಲ್ಲೇ ಹೋದ್ರಂತೆ, ಪುಣ್ಯವಂತೆ. ನೀನು ಆಗ ಡ್ಯೂಟಿಗೆ ಹೋಗಿದ್ದೆಯಾ?’ ಅಂತ. ನಾನೇನು ಹೇಳ್ಲಿ? ಕಾರ್ಡಲ್ಲಿ ತಪ್ಪು ಬಿದ್ದಿದೆ ಅಂತ ಮನೆಮನೆಗೆ ಹೋಗ್ಲಾ?”

ಅವನು ಗೋಡೆಗೆ ಒರಗಿ ಕೂತ.

“ಅವತ್ತು ನಾನು ನಿನಗೆ ಎಷ್ಟು ಸಲ ಫೋನ್ ಮಾಡಿದೆ, ನೆನಪಿದೆಯಾ?”

ನೆನಪಿತ್ತು. ಅದು ಮೇಲಕ್ಕೆ ಬರದ ಹಾಗೆ ಇಷ್ಟು ವರ್ಷ ಒತ್ತಿ ಇಟ್ಟಿದ್ದ, ಅಷ್ಟೇ. ಮೂರು ಸಲ. ಎರಡನೇ ಸಲ, “ಅಮ್ಮ ನಿನ್ನ ಕೇಳ್ತಿದ್ದಾಳೆ, ಬೇಗ ಬಾ” ಎಂದಿದ್ದಳು. ಅವನ ಮೇಜಿನ ಮೇಲೆ ಹೊಸ ಬೇಕರಿಯೊಂದರ ಕರಪತ್ರವಿತ್ತು. ‘ಬೇಕರಿ’ಗೆ ‘ನೌಕರಿ’, ‘ಚಾಕರಿ’ ಆಗಿ ನಾಲ್ಕನೆಯದು ಸಿಕ್ಕಿರಲಿಲ್ಲ. “ಬೇಕರಿಗೆ ಒಂದು ಪದ ಸಿಗ್ತಿಲ್ಲ ಅಕ್ಕ, ಸಿಕ್ಕಿದ ತಕ್ಷಣ ಹೊರಟೆ” ಎಂದಿದ್ದ. ಮೂರನೇ ಸಲ ಫೋನ್ ಎತ್ತಿರಲೇ ಇಲ್ಲ. ನಾಲ್ಕೂವರೆಗೆ ‘ವೈಖರಿ’ ಸಿಕ್ಕಿತು. ಅಮ್ಮ ಹೋದದ್ದು ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ.

“ಅಮ್ಮ ಕೊನೇಲಿ ನಿನ್ನ ಬಗ್ಗೆ ಒಂದು ಮಾತು ಆಡಿದ್ಲು” ಎಂದಳು ಅಕ್ಕ. “ಅಳು ಎಲ್ಲ ಮುಗಿದ ಮೇಲೆ ನಿಧಾನವಾಗಿ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನಿನ್ನ ಕಾರ್ಡು ಬಂತು.”

“ಏನಂದ್ಲು?”

“ಮೊದಲು ನೀನು ಹೇಳು. ಆ ಕಾರ್ಡು ಓದಿದೋರೆಲ್ಲ ಶನಿವಾರ ನನ್ನ ಸಮಾರಂಭಕ್ಕೆ ಬರ್ತಾರೆ. ಅಲ್ಲಿ ನಿಂತು ಇರೋದನ್ನ ಇದ್ದ ಹಾಗೆ ಹೇಳು. ಪದ್ಯಗಿದ್ಯ ಬೇಡ. ಆಮೇಲೆ ನಾನು ಹೇಳ್ತೀನಿ.”

ಆ ಐದು ದಿನ ಪ್ರಾಸಣ್ಣ ಪದಗಳ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಪ್ರೆಸ್ಸಿನಲ್ಲಿ ಯಾರೋ ಪದ್ಯ ಕೇಳಿದರೆ ಬೆಚ್ಚಿಬಿದ್ದು, “ಅವರು ಹೇಗಿದ್ರು, ಹೇಳಿ” ಎಂದು ಕೇಳಿದ. ಗಿರಾಕಿ ಕಕ್ಕಾಬಿಕ್ಕಿಯಾದ.

ಶನಿವಾರ ಮಧ್ಯಾಹ್ನ, ಅಂಚೆ ಕಚೇರಿಯ ವಿಂಗಡಣೆ ಹಾಲ್. ಮೇಜುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ನೆಂಟರು, ಕೆಳಗಿನ ಮನೆಯವಳು, ಕೆಲಸದವರು, ಎಲ್ಲ ಸೇರಿ ಅರವತ್ತು ಜನ. ಪ್ರಾಸಣ್ಣ ಎದ್ದು ನಿಂತಾಗ ಪದ್ಯ ಬರುತ್ತದೆಂದು ಎಲ್ಲರೂ ನಗುಮುಖ ಮಾಡಿಕೊಂಡರು. ಒಬ್ಬರಂತೂ ಚಪ್ಪಾಳೆಗೆ ಕೈ ಎತ್ತಿಟ್ಟುಕೊಂಡೇ ಕೂತಿದ್ದರು.

“ನಮ್ಮಮ್ಮ ಸತ್ತಾಗ ನಾನು ಅಲ್ಲಿರಲಿಲ್ಲ” ಎಂದ. “ಕಾರ್ಡಲ್ಲಿ ಬರೆದಿದ್ದು ಸುಳ್ಳು. ಹದಿನಾಲ್ಕು ತಿಂಗಳು ನೋಡ್ಕೊಂಡಿದ್ದು ಅಕ್ಕ. ಕೈ ಹಿಡ್ಕೊಂಡಿದ್ದೂ ಅಕ್ಕ. ಅಕ್ಕ ಮೂರು ಸಲ ಫೋನ್ ಮಾಡಿದ್ಲು. ನಾನು ಪ್ರೆಸ್ಸಲ್ಲಿ ಕೂತು ಒಂದು ಬೇಕರಿಗೆ ಪ್ರಾಸ ಹುಡುಕ್ತಿದ್ದೆ.”

ಅಷ್ಟು ಹೇಳಿ ಕೂತುಬಿಟ್ಟ. ಎತ್ತಿದ್ದ ಕೈಗಳು ಮೆಲ್ಲಗೆ ಮಡಿಲಿಗೆ ಇಳಿದವು. ಕೆಳಗಿನ ಮನೆಯವಳು ತಲೆ ತಗ್ಗಿಸಿದಳು. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಇವನನ್ನು ಮೊದಲ ಸಲ ನೋಡುವವಳ ಹಾಗೆ ನೋಡುತ್ತಿದ್ದಳು.

ಎಲ್ಲರೂ ಟೀ ಕುಡಿಯಲು ಎದ್ದಾಗ ಅಕ್ಕ ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಒಂಬತ್ತು ವರ್ಷದಲ್ಲಿ ಅಷ್ಟು ಹತ್ತಿರ ಅವಳು ಕೂತಿರಲಿಲ್ಲ.

“ಎರಡನೇ ಸಲ ಫೋನ್ ಇಟ್ಟ ಮೇಲೆ ಅಮ್ಮ ಕೇಳಿದ್ಲು, ಬರ್ತಾನಾ ಅಂತ. ಯಾವುದೋ ಪದ ಸಿಗ್ತಿಲ್ಲವಂತೆ, ಸಿಕ್ಕಿದ ಮೇಲೆ ಬರ್ತಾನಂತೆ ಅಂದೆ. ನನಗೆ ಮೈಯೆಲ್ಲ ಉರೀತಿತ್ತು. ಅವಳಿಗೆ ಸಿಟ್ಟೇ ಬರ್ಲಿಲ್ಲ ಕಣೋ. ‘ಯಾವ ಪದವಂತೆ?’ ಅಂದ್ಲು.”

ಪ್ರಾಸಣ್ಣ ಅಕ್ಕನ ಕಡೆ ತಿರುಗಿದ.

“ಬೇಕರಿ ಅಂದೆ. ಕಣ್ಣು ಮುಚ್ಚಿಕೊಂಡ್ಲು. ಚಿಕ್ಕಂದಿನಲ್ಲಿ ನಿನಗೆ ಪ್ರಾಸದ ಪದ ಹುಡುಕಿ ಕೊಡ್ತಿದ್ಲಲ್ಲ, ಹಾಗೇ. ‘ಇರು, ನಾನೊಂದು ನೋಡ್ತೀನಿ, ಅವನು ಬೇಗ ಬರಲಿ’ ಅಂದ್ಲು. ಅದೇ ಕೊನೇ ಮಾತು.”

ಅವನು ಚಿಕ್ಕ ಮಗುವಿನ ದನಿಯಲ್ಲಿ ಕೇಳಿದ: “ಸಿಕ್ತಾ ಅವಳಿಗೆ?”

“ಇಲ್ಲ ಕಣೋ” ಎಂದಳು ಅಕ್ಕ. “ತುಟಿ ಮಾತ್ರ ಆಡ್ತಾ ಇತ್ತು.”