ಸೀಮೆಸುಣ್ಣದಕ್ಕನ ಹಿಂದೆ ನಡೆದವರು

ಪ್ರಿಯ ಬಂಧುಗಳೇ, ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು ಕಿವಿಗೊಡಿರಿ. ನಮ್ಮ ಮನೆಯ ಮೇಲೆ ಕರುಣೆ ತೋರಿದ ಒಬ್ಬ ತಾಯಿಯ ಸಂಗತಿಯಿದು. ನೆನೆದಾಗಲೆಲ್ಲ ದೇವರಿಗೆ ಕೈಮುಗಿಯುತ್ತೇನೆ.

ನಮ್ಮ ಊರ ಹೊರವಲಯದ ಸರ್ಕಾರಿ ಪ್ರೌಢಶಾಲೆ ಮೊದಲಿಗೆ ತಗಡಿನ ಮಾಡಿನ ಎರಡೇ ಕೋಣೆಗಳದ್ದು. ಸುತ್ತ ಕಾರ್ಖಾನೆಗಳು ಬಂದವು, ಬಾಡಿಗೆ ಮನೆಗಳು ಎದ್ದವು, ಮಕ್ಕಳು ಹೆಚ್ಚಿದರು. ಹಣ ಬಂದಾಗ, ಜಾಗ ಸಿಕ್ಕಲ್ಲಿ, ಒಂದೊಂದೇ ಕೋಣೆ ಕಟ್ಟಿಸಿ, ಕಟ್ಟಿದ ಕ್ರಮದಲ್ಲೇ ಬಾಗಿಲಿಗೆ ಅಂಕಿ ಬರೆಸಿದರು. ಹೀಗಾಗಿ ಹನ್ನೊಂದನೆಯ ಕೋಣೆ ಗೇಟಿನ ಪಕ್ಕದಲ್ಲಿದ್ದರೆ, ಹನ್ನೆರಡನೆಯದು ಆಟದ ಮೈದಾನದಾಚೆ ನೀರಿನ ಟ್ಯಾಂಕಿನ ಹಿಂದೆ. ಹಳಬರಿಗೆ ಅದು ತಮಾಷೆ, ಹೊಸಬರಿಗೆ ಪ್ರಾಣಸಂಕಟ.

ಆ ಶಾಲೆಯಲ್ಲಿ ಕಸ ಗುಡಿಸಿ, ಬೆಳಗ್ಗೆ ಪ್ರತಿ ಕೋಣೆಗೂ ಸೀಮೆಸುಣ್ಣ ಮುಟ್ಟಿಸುತ್ತಿದ್ದ ಆಯಾ ಎಲ್ಲರ ಬಾಯಲ್ಲೂ ಸೀಮೆಸುಣ್ಣದಕ್ಕ. ಒಂದು ಸಂಜೆ ಅವರು ಗುಡಿಸುತ್ತ ಬಂದಾಗ ಹಿಂದಿನ ಮೆಟ್ಟಿಲ ಮೇಲೆ ನನ್ನ ತಂಗಿಯ ಮಗಳು ಕುಳಿತಿದ್ದಳು. ಅಂದು ಎಂಟನೆಯ ತರಗತಿಯ ಮೊದಲ ದಿನ. ಊಟದ ಡಬ್ಬಿಯನ್ನೂ ತೆರೆದಿರಲಿಲ್ಲ.

“ಇಲ್ಲೇನ್ ಮಾಡ್ತಿದ್ದೀಯ ಪುಟ್ಟಿ?”

“ಹನ್ನೆರಡನೇ ಕೋಣೆ ಸಿಗಲಿಲ್ಲ.”

“ಯಾರನ್ನಾದ್ರೂ ಕೇಳೋದಲ್ವಾ?”

“ಕೇಳಿದ್ರೆ ನಗ್ತಾರೆ.”

ಮರುದಿನ ಹುಡುಗಿ ಶಾಲೆಗೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಅಂದು ಸಂಜೆ ಸೀಮೆಸುಣ್ಣದಕ್ಕ ತಂಗಿಯ ಮನೆ ಹುಡುಕಿಕೊಂಡೇ ಬಂದರು. ನಾನೂ ಅಲ್ಲಿದ್ದೆ. ಹೊಲಿಗೆ ಮಿಷನ್ ತುಳಿಯುತ್ತಲೇ ನನ್ನ ತಂಗಿ ಹೇಳಿದಳು:

“ಇವಳಿಗೆ ಶಾಲೆ ಸಾಕಂತೆ ಅಕ್ಕಾ. ಹೇಳಿ ಹೇಳಿ ನನ್ನ ಬಾಯಿ ಒಣಗ್ತು. ಹೊಲಿಗೆಯಾದ್ರೂ ಕಲೀಲಿ ಅಂತ ರವಿಕೆಯ ಒಂದು ತೋಳು ಕೊಟ್ರೆ, ಮಹಾರಾಯ್ತಿ ಅದನ್ನ ಕತ್ತಿಗೆ ಕೂರಿಸಿದ್ದಾಳೆ!”

ಅಕ್ಕ ಹುಡುಗಿಯ ಪಕ್ಕದಲ್ಲಿ ನೆಲಕ್ಕೇ ಕುಳಿತರು.

“ನನ್ನ ಕತೆ ಕೇಳಿಲ್ಲಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ದಾರಿ ತಪ್ಪಿ, ಪೊರಕೆ ಸಮೇತ ಮೇಷ್ಟ್ರುಗಳ ಮೀಟಿಂಗಿಗೇ ನುಗ್ಗಿಬಿಟ್ಟೆ. ದಾರಿ ತಪ್ಪಿದೆ ಅನ್ನೋಕೆ ನಾಚಿಕೆ. ಅದಕ್ಕೇ ಎಲ್ಲರ ಕಾಲಡಿ ಗುಡಿಸೋಕೆ ಶುರು ಮಾಡ್ದೆ. ಪಾಪ, ಹೆಡ್‌ಮಾಸ್ಟ್ರು ಎರಡೂ ಕಾಲು ಮೇಲೆತ್ಕೊಂಡೇ ಭಾಷಣ ಮುಗಿಸಿದ್ರು!”

ಮೊಣಕಾಲಲ್ಲಿ ಮುಖ ಹುದುಗಿಸಿದ್ದ ಹುಡುಗಿಗೆ ನಗು ತಡೆಯಲಾಗಲಿಲ್ಲ.

“ನಾಳೆ ಬಾ. ಕೈ ಹಿಡ್ಕೊಂಡು ಕರ್ಕೊಂಡು ಹೋಗಲ್ಲ, ಕೂಸು ಅಂತ ಆಡ್ಕೋತಾರೆ. ನಾನು ಸೀಮೆಸುಣ್ಣದ ಡಬ್ಬಿ ಹಿಡ್ಕೊಂಡು ಮುಂದೆ ಹೋಗ್ತಿರ್ತೀನಿ. ನೀನು ನನ್ನ ಗುರ್ತೇ ಇಲ್ಲದವಳ ಹಾಗೆ ಹಿಂದೆ ಬಾ.”



ಮರುದಿನ ಶಾಲೆಯ ಗಂಟೆ ಹೊಡೆಯಿತು. ಅಕ್ಕ ಗೇಟಿನ ಬಳಿಯೇ ನಿಂತಿದ್ದರು. ಮುಖ್ಯೋಪಾಧ್ಯಾಯರು ಹುಬ್ಬು ಗಂಟಿಕ್ಕಿದರು.

“ಏನಮ್ಮಾ, ಇವತ್ತು ಗೇಟಿಗೂ ಸೀಮೆಸುಣ್ಣ ಹಂಚ್ತಿದ್ದೀಯಾ?”

“ಬಂದೆ ಸಾರ್, ಚಪ್ಪಲಿ ಯಾಕೋ ಕಚ್ತಾ ಇದೆ,” ಎಂದು ಅಕ್ಕ ಬಗ್ಗಿ ಚಪ್ಪಲಿ ಸರಿಪಡಿಸಿದರು. ಸರಿಪಡಿಸಿದ್ದನ್ನೇ ಮತ್ತೆ ಸರಿಪಡಿಸಿದರು. ಅಷ್ಟರಲ್ಲಿ ತಲೆ ತಗ್ಗಿಸಿಕೊಂಡು ಬೀದಿಯ ತಿರುವಿನಲ್ಲಿ ಹುಡುಗಿ ಕಾಣಿಸಿದಳು.

ಅಕ್ಕ ತಿರುಗಿ ನೋಡದೆ ಮೈದಾನ ದಾಟಿದರು, ಟ್ಯಾಂಕು ಬಳಸಿದರು. ಹನ್ನೆರಡನೆಯ ಕೋಣೆಯಲ್ಲಿ “ಸೀಮೆಸುಣ್ಣ, ಮೇಡಂ” ಎಂದು ಡಬ್ಬಿ ಚಾಚಿದಾಗ ಎಲ್ಲರ ಕಣ್ಣೂ ಅತ್ತ ಹೊರಳಿತು. ಹುಡುಗಿ ಮೆಲ್ಲನೆ ಒಳಸೇರಿ ಖಾಲಿ ಬೆಂಚಿನಲ್ಲಿ ಕುಳಿತಳು. ಯಾರೂ ನಗಲಿಲ್ಲ.

ಅವಳು ಶಾಲೆ ಬಿಡಲಿಲ್ಲ. ಈಗ ಅವಳೇ ಮಕ್ಕಳಿಗೆ ಪಾಠ ಹೇಳುತ್ತಾಳೆ. ಅಂದಿನಿಂದ ಅಕ್ಕ ನಿವೃತ್ತರಾಗುವವರೆಗೂ, ವರ್ಷದ ಮೊದಲ ವಾರ, ಅವರ ಸೀಮೆಸುಣ್ಣದ ಡಬ್ಬಿ ಗೇಟಿನಿಂದಲೇ ಹೊರಡುತ್ತಿತ್ತು. ಹಿಂದೆ ಒಂದಿಬ್ಬರು ಗುರ್ತಿಲ್ಲದವರಂತೆ ನಡೆಯುತ್ತಿದ್ದರು. ಅಂಥವರನ್ನು ನಮ್ಮ ನಡುವೆ ಇಟ್ಟ ಭಗವಂತನಿಗೆ ಎಷ್ಟು ಕೃತಜ್ಞನಾದರೂ ಸಾಲದು.

ಬಂಧುಗಳೇ, ನಿಮ್ಮ ಬೀದಿಗೆ, ನಿಮ್ಮ ಕಚೇರಿಗೆ ಹೊಸಬರು ಬಂದು ದಿಕ್ಕು ತೋಚದೆ ನಿಂತಾರು. ಅವರ ನಾಚಿಕೆಯನ್ನು ನಾಲ್ಕು ಜನರ ಮುಂದೆ ಬಿಚ್ಚಿಡಬೇಡಿರಿ. ನಿಮಗೂ ಅತ್ತಲೇ ಕೆಲಸವಿದೆಯೆಂಬಂತೆ, ಅವರಿಗೆ ಕಾಣುವಷ್ಟು ದೂರದಲ್ಲಿ, ನಿಧಾನವಾಗಿ ಮುಂದೆ ನಡೆಯಿರಿ.