ಸೂಲಗಿತ್ತಿಯ ಮಾತು ತಿದ್ದಿದವಳು

ಪುಸ್ತಕ ಬರೆಯಬೇಕೆಂದು ನನಗೆ ಯಾವತ್ತೂ ಅನಿಸಿರಲಿಲ್ಲ. ಬೇರೆಯವರು ಬರೆದದ್ದನ್ನು ಓದಿ, ತಿದ್ದಿ, ಅಚ್ಚಿಗೆ ಕಳಿಸುವ ಕೆಲಸ ಬೇಕಿತ್ತು. ಶಿಕಾರಿಪುರದಲ್ಲಿ ಅದೆಲ್ಲಿ ಸಿಗಬೇಕು? ಬಸ್‌ಸ್ಟ್ಯಾಂಡಿನ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ, ಪಹಣಿ ತಿದ್ದುಪಡಿಯ ಅರ್ಜಿ ಟೈಪು ಮಾಡುತ್ತ ಆರು ವರ್ಷ ಕಳೆದೆ. ಶಿವಮೊಗ್ಗದ ಪ್ರಕಾಶಕರೊಬ್ಬರಿಗೆ ಮೂರು ಸಲ ಪತ್ರ ಬರೆದ ಮೇಲೆ ಫೋನ್ ಬಂತು.

"ನಿಮ್ಮ ಕಡೆಯದೇ ಒಂದು ಒಳ್ಳೇ ಪುಸ್ತಕ ತಗೊಂಡು ಬನ್ನಿ. ಸಂಪಾದಕರ ಜಾಗ ಖಾಲಿ ಇದೆ, ಆಮೇಲೆ ನೋಡೋಣ" ಎಂದರು.

ಆನವಟ್ಟಿ ಹತ್ತಿರ ನನ್ನ ತಾಯಿಯ ತವರೂರಿನಲ್ಲಿ ಒಬ್ಬ ಸೂಲಗಿತ್ತಿ ಅಜ್ಜಿ ಇದ್ದಳು. ನಾನು ಹುಟ್ಟಿದಾಗ ಮೊದಲು ಎತ್ತಿಕೊಂಡವಳು ಅವಳೇ. ಎಂಟು ತಿಂಗಳು ಪ್ರತಿ ಭಾನುವಾರ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಹೋಗಿ, ಅವಳು ಹೇಳಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ತಂದು, ಅಕ್ಷರ ಬಿಡದೆ ಬರೆದೆ.

"ಇದ್ನೆಲ್ಲ ಪುಸ್ತಕದಾಗೆ ಹಾಕ್ತಾರೇನೇ ತಂಗಿ? ಹೆಂಗಸ್ರ ಗುಟ್ಟು ಇವು."

"ನೀನು ಹೇಳಿದ ಹಂಗೇ ಹಾಕ್ತೀವಿ ಅಜ್ಜಿ. ಒಂದು ಮಾತೂ ಬದಲಾಗಲ್ಲ."

ಒಂದು ಭಾನುವಾರ ಅವಳು ಹೇಳಿದ್ದು ಹೀಗಿತ್ತು. ಒಂದು ಮನೆಯಲ್ಲಿ ಐದನೆಯದೂ ಹೆಣ್ಣಾದಾಗ ಕೂಸಿನ ಅಪ್ಪ, "ಇದು ಉಳೀಬಾರದು" ಎಂದನಂತೆ. ಅಜ್ಜಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ತನ್ನ ಮನೆಗೆ ಒಯ್ದಳು. ಮೂರನೇ ದಿನ ಬಾಣಂತಿಯೇ ನಡೆದುಕೊಂಡು ಬಂದು ಮಗುವಿಗೆ ಹಾಲು ಕೊಟ್ಟಳು.

ಪ್ರಕಾಶಕರು ಹಸ್ತಪ್ರತಿ ಓದಿ ಮೆಚ್ಚಿದರು. ಆದರೆ, "ಭಾಷೆ ಹೀಗಿದ್ರೆ ಲೈಬ್ರರಿಯವರು ತಗೊಳ್ಳಲ್ಲ. ಕೆಲವು ಕಡೆ ಅಸಭ್ಯ ಅನಿಸುತ್ತೆ. ಆ ಐದನೇ ಮಗುವಿನ ಮನೆಯವರು ಈಗ ದೊಡ್ಡವರು, ಅದು ಬೇಡ" ಎಂದರು.

ತಿದ್ದಿದವಳು ನಾನೇ. 'ಬ್ಯಾನೆ ಶುರುವಾತು' ಎಂದದ್ದು 'ಪ್ರಸವವೇದನೆ ಆರಂಭವಾಯಿತು' ಎಂದಾಯಿತು. 'ಕೂಸು ಅಡ್ಡ ತಿರುಗಿತ್ತು' ಎಂದದ್ದು 'ಶಿಶುವು ವಿಲೋಮ ಸ್ಥಿತಿಯಲ್ಲಿತ್ತು'. ಅಡ್ಡಕ್ಕೂ ಕಾಲು ಮುಂದಾಗುವ ವಿಲೋಮಕ್ಕೂ ವ್ಯತ್ಯಾಸವಿದೆಯೆಂದು ಅಜ್ಜಿಯೇ ನನಗೆ ಕೈಯಿಟ್ಟು ತೋರಿಸಿದ್ದಳು. ಐದನೇ ಕೂಸಿನ ಅಧ್ಯಾಯವನ್ನು ಪೂರ್ತಿ ಅಳಿಸಿದೆ.

ಪುಸ್ತಕ ಸೊರಬದಲ್ಲಿ ಬಿಡುಗಡೆಯಾಯಿತು. ಕಾಲೇಜಿನ ಅಧ್ಯಾಪಕರೊಬ್ಬರು ಒಂದು ಪುಟ ಓದಿದರು. ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿ ನನ್ನ ಕಡೆ ವಾಲಿ ಕೇಳಿದಳು.

"ಇದು ಯಾರ ಕತೆ ತಂಗಿ?"

"ನಿಂದೇ ಅಜ್ಜಿ."

"ಆ ಕೂಸಿಂದು ಐತಾ?"

"ಪುಟ ಜಾಸ್ತಿ ಆತು ಅಂತ ತೆಗೆದ್ರು."

'ತೆಗೆದೆ' ಎನ್ನಲು ನನಗೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ವೇದಿಕೆಗೆ ಕರೆದು ಅವಳಿಗೆ ಶಾಲು ಹೊದಿಸಿದರು. ಪುಸ್ತಕದಲ್ಲಿ ಸಂಪಾದಕರೆಂದು ಪ್ರಕಾಶಕರು ತಮ್ಮ ಹೆಸರನ್ನೇ ಹಾಕಿಕೊಂಡಿದ್ದರು. ಕರಡು ತಿದ್ದಿದವರು ಎಂದು ಒಳಪುಟದ ಕೆಳಗೆ ನನ್ನ ಹೆಸರಿತ್ತು.

ಕೆಲಸ ಸಿಕ್ಕಿತು. ತಿಂಗಳ ನಂತರ ಹತ್ತು ಪ್ರತಿ ಹಿಡಿದು ಅಜ್ಜಿಯ ಮನೆಗೆ ಹೋದೆ. ಅವಳು ಜಗಲಿಯಲ್ಲಿ ಅವರೆ ಬಿಡಿಸುತ್ತಿದ್ದಳು.

"ಬರ್ರಿ, ಕೂತ್ಕಳ್ರಿ" ಎಂದಳು. ಹುಟ್ಟಿದಾಗಿನಿಂದ ನೀನು ಎಂದವಳ ಬಾಯಲ್ಲಿ ಆ ಮರ್ಯಾದೆ ಕೇಳಿ ನನಗೆ ಕೂರಲಾಗಲಿಲ್ಲ. ಪುಸ್ತಕದ ಕಟ್ಟು ಮುಂದಿಟ್ಟೆ.

"ನಂಗೆ ಓದಕ್ಕೆ ಬರಲ್ಲ. ಬರೋರಿಗೆ ಕೊಡ್ರಿ" ಎಂದಳು. ಚಹಾ ಕೊಟ್ಟಳು, ಕುಡಿದೆ. ಕಟ್ಟನ್ನು ವಾಪಸ್ಸು ತಂದೆ.

ಇಂದಿಗೂ ಅದೇ ಪ್ರಕಾಶನದಲ್ಲಿದ್ದೇನೆ. ಹಳ್ಳಿಯ ಕಡೆಯ ಹಸ್ತಪ್ರತಿ ಬಂದರೆ, ಭಾಷೆ ನಯ ಮಾಡಲು ನನ್ನ ಮೇಜಿಗೇ ಕಳಿಸುತ್ತಾರೆ. ನನಗೆ ಆ ಕೆಲಸ ಚೆನ್ನಾಗಿ ಬರುತ್ತದೆ.