ಶ್ಯಾವಿಗೆಯ ದಿನ ಒಣಗಿದ ಸಮುದ್ರದ ಕೆಸರು

ಸಮುದ್ರ ವಿಜ್ಞಾನಿಯಾಗಿದ್ದ ನಾನು ನಿವೃತ್ತಿಯ ಹಿಂದಿನ ವರ್ಷ, ಬಂದರೊಂದರ ಸುತ್ತ ಸಮುದ್ರತಳದಿಂದ ತೆಗೆದ ಕೆಸರಿನ ಮಾದರಿಗಳನ್ನು ರಜೆಯಲ್ಲಿ ಬಬಲೇಶ್ವರದ ಅಣ್ಣನ ಮನೆಗೆ ತಂದು, ಒಳನಾಡಿನ ಒಣ ಬಿಸಿಲಿಗೆ ಮಾಳಿಗೆಯ ಮೇಲೆ ಒಂದೊಂದು ಜಾಗದ್ದನ್ನು ಒಂದೊಂದು ದಿನ ತಟ್ಟೆಗಳಲ್ಲಿ ಒಣಗಿಸಿದ್ದೆ. ಕಾರ್ಖಾನೆಗಳ ತ್ಯಾಜ್ಯದಲ್ಲಿ ಸೀಸ, ಸತುವಿನಂಥ ಭಾರಲೋಹಗಳ ಜೊತೆಗೆ ಕಬ್ಬಿಣದ ಸೂಕ್ಷ್ಮ ಕಣಗಳೂ ಬರುತ್ತವೆ. ಆದ್ದರಿಂದ ಕೆಸರಿನ ಕಾಂತೀಯತೆ ಹೆಚ್ಚಿದ್ದರೆ ಮಾಲಿನ್ಯದ ಶಂಕೆ ಮೂಡುತ್ತದೆ. ಪ್ರಯೋಗಾಲಯದಲ್ಲಿ ಅಳೆದಾಗ, ಹಡಗು ದುರಸ್ತಿಯ ಕಟ್ಟೆಯ ಬಳಿಯ ಕೆಸರಿನಲ್ಲಿ ಅದು ಹೆಚ್ಚಿತ್ತು; ಮೀನುಗಾರರ ಕೊಲ್ಲಿಯದರಲ್ಲಂತೂ ವಿಪರೀತವಾಗಿತ್ತು. ಹಾಗೆಂದು ವರದಿ ಹೊರಬಿದ್ದರೆ ಅಲ್ಲಿಯ ಮೀನನ್ನು ಯಾರೂ ಕೊಳ್ಳುತ್ತಿರಲಿಲ್ಲ.

ಸಹಿಗೆ ಮೊದಲು ಪ್ರತಿ ದಿನಾಂಕವನ್ನೂ ಎರಡು ಕಡೆ ತಾಳೆ ನೋಡುವುದು ನನ್ನ ಪದ್ಧತಿ. ಒಣಗಿಸಿದ ದಿನಕ್ಕೆ ನನ್ನ ಟಿಪ್ಪಣಿ ಬಿಟ್ಟರೆ ಅತ್ತಿಗೆ ದಿನದ ಕೆಲಸ ಬರೆದಿಡುವ ಅಡುಗೆಮನೆಯ ಗೋಡೆ ಕ್ಯಾಲೆಂಡರೇ ಸಾಕ್ಷಿ. ಫೋನ್ ಮಾಡಿ, ಕೊಲ್ಲಿಯ ಕೆಸರು ಒಣಗಿಸಿದ ದಿನಾಂಕ ಹೇಳಿದೆ.

“ಆ ದಿನ ‘ಶ್ಯಾವಿಗಿ’ ಅಂತ ಬರದೇನಿ ನೋಡ್ರಿ. ಮಾಳಗಿ ಮ್ಯಾಲ ಒಣಾ ಹಾಕಿದ್ದೆ. ಗಾಳಿ ಎದ್ದು ಹೊಲದ ಎರಿ ಮಣ್ಣೆಲ್ಲಾ ಬಂದು ಬಿತ್ತು,” ಎಂದರು ಅತ್ತಿಗೆ. “ನನ್ನ ಶ್ಯಾವಿಗಿ ನಾ ಜಾಡಿಸಿಕೊಂಡೆ. ನಿಮ್ಮ ರಾಡಿ ಯಾರು ಜಾಡಸಬೇಕಿತ್ರಿ, ಸಾಹೇಬ್ರ?”

ನಮ್ಮ ಎರೆಮಣ್ಣು ಕಬ್ಬಿಣ ತುಂಬಿದ ಕಪ್ಪುಕಲ್ಲು ಸವೆದು ಆದದ್ದು; ಅಯಸ್ಕಾಂತ ಹಿಡಿದರೆ ಅದರ ಕಣಗಳು ಅಂಟಿಕೊಳ್ಳುವುದನ್ನು ಚಿಕ್ಕಂದಿನಿಂದ ಕಂಡ ನಾನೇ ಕೆಸರಿನ ತಟ್ಟೆಗಳನ್ನು ಮುಚ್ಚದೆ ಬಿಟ್ಟಿದ್ದೆ. ಪ್ರತಿ ಮಾದರಿಯಿಂದ ಪ್ರಯೋಗಾಲಯದಲ್ಲಿ ಎತ್ತಿಟ್ಟಿದ್ದ ಹಸಿ ಕೆಸರನ್ನು ಮುಚ್ಚಿದ ಕೋಣೆಯಲ್ಲಿ ಒಣಗಿಸಿ ಮತ್ತೆ ಅಳೆದೆ. ಕೊಲ್ಲಿಯ ಅಂಕಿ ಇಳಿಯಿತು. ಹಡಗು ದುರಸ್ತಿಯ ಕಟ್ಟೆಯ ಬಳಿಯದು ಮಾತ್ರ ಇಳಿಯಲಿಲ್ಲ. ಭಾರಲೋಹಗಳ ರಾಸಾಯನಿಕ ಪರೀಕ್ಷೆಯೂ ಕೊಲ್ಲಿ ಶುದ್ಧ, ಕಟ್ಟೆ ಮಲಿನ ಎಂದೇ ತೋರಿಸಿತು.

ವರದಿಗೆ ನಿಶ್ಚಿಂತೆಯಿಂದ ಸಹಿ ಹಾಕಿದೆ. ಕೈಬಿಟ್ಟ ಅಳತೆಗಳ ಅಡಿಟಿಪ್ಪಣಿಯಲ್ಲಿ ಆ ದಿನಾಂಕವನ್ನೂ, ಅದನ್ನು ಖಚಿತಪಡಿಸಿದ ಅಡುಗೆಮನೆಯ ಕ್ಯಾಲೆಂಡರನ್ನೂ ನಮೂದಿಸಿದ್ದೇನೆ.